ಸಾಲು ಬಿಟ್ಟ ಗಾಡಿ

"ಬುದ್ಧಿ, ಪೂಜೆಗೆ ಕೂತಾಗ ನೆಟ್ಟಗಿರುವ ಮನಸ್ಸು ಸ್ಟೀರಿಂಗ್ ಹಿಡಿದ ಕೂಡಲೇ ಯಾಕೆ ಕೆಡುತ್ತದೆ?" ಎಂದು ಅಡವೀಶ ಕೇಳಿದ.

ಅಡವೀಶ ಮಠದ ಜೀಪು ಓಡಿಸುವ ಶಿಷ್ಯ. ಪೇಟೆಯಿಂದ ಅಕ್ಕಿ ಬೇಳೆ ತಂದು ಆಗಷ್ಟೇ ಇಳಿಸಿದ್ದ. "ದಾರಿಯಲ್ಲಿ ಗಾಡಿಗಳು ಸಾಲುಗಟ್ಟಿ ನಿಂತರೆ ನನಗೆ ತಡೆಯಲಾಗುವುದಿಲ್ಲ. ಸುಮ್ಮನೆ ನಿಂತ ಅಷ್ಟು ಹೊತ್ತನ್ನೂ ನನ್ನ ಆಯುಸ್ಸಿನಿಂದ ಯಾರೋ ಕಿತ್ತುಕೊಂಡರು ಅನ್ನಿಸುತ್ತದೆ" ಎಂದ.

ಗುರುಗಳು ಅವನನ್ನು ಕೂರಿಸಿ ಹೇಳಿದರು:

ಒಬ್ಬ ಜೇನು ಸಾಕುವವನಿದ್ದ. ಒಂದು ಸೀಮೆಯಲ್ಲಿ ಹೂವು ಮುಗಿದರೆ ಪೆಟ್ಟಿಗೆಗಳನ್ನು ಗಾಡಿಗೆ ಹೇರಿಕೊಂಡು ಇನ್ನೊಂದು ಸೀಮೆಗೆ ಹೋಗುವುದು ಅವನ ಬದುಕು. ಸಂಜೆ ಹುಳುಗಳು ಗೂಡು ಸೇರಿದ ಮೇಲೆ ಬಾಗಿಲು ಮುಚ್ಚಬೇಕು. ಮಾರನೆಯ ದಿನ ಬಿಸಿಲು ಏರುವ ಮೊದಲು ಹೊಸ ಜಾಗದಲ್ಲಿ ಇಳಿಸಿ ಬಾಗಿಲು ತೆರೆಯಬೇಕು. ತಡವಾದರೆ ಮುಚ್ಚಿದ ಪೆಟ್ಟಿಗೆಯೊಳಗೆ ಮೇಣ ಕರಗುತ್ತದೆ. ಹುಳುಗಳು ತಾವು ಕೂಡಿಟ್ಟ ಜೇನಿನಲ್ಲೇ ಮುಳುಗಿ ಸಾಯುತ್ತವೆ.

ಒಂದು ಬೇಸಿಗೆಯಲ್ಲಿ ಅವನು ಎಂಬತ್ತು ಪೆಟ್ಟಿಗೆ ಹೇರಿಕೊಂಡು ಹೊರಟ. ಗಾಡಿ ಬಾಡಿಗೆಯದು. ಅದರ ಚಾಲಕ ಆ ರಸ್ತೆಯಲ್ಲಿ ಹನ್ನೊಂದು ವರ್ಷ ಓಡಾಡಿದವನು. ಅವನಷ್ಟು ಬೇಗ ಮುಟ್ಟಿಸುವವರು ಇನ್ನೊಬ್ಬರಿಲ್ಲ ಎಂಬ ಹೆಸರಿತ್ತು. ಅದಕ್ಕೇ ಜೇನಿನವನು ಅವನನ್ನು ಗೊತ್ತುಮಾಡಿದ್ದ.

ಬೆಳಗಾಗುವ ಹೊತ್ತಿಗೆ ಇನ್ನೂ ಎರಡು ಗಂಟೆಯ ದಾರಿ ಉಳಿದಿತ್ತು. ಆಗ ಗಾಡಿ ನಿಂತಿತು. ಮುಂದೆ ಎಲ್ಲೋ ಲಾರಿ ಮಗುಚಿದೆ ಎಂದು ಸುದ್ದಿ ಬಂತು. ಕಣ್ಣು ಹಾಯುವವರೆಗೂ ಗಾಡಿಗಳ ಸಾಲು.

ಚಾಲಕ ಹತ್ತು ನಿಮಿಷ ಕಾದ. ಹಾರ್ನ್ ಒತ್ತಿದ, ಬೈದ. ಕೊನೆಗೆ ಸ್ಟೀರಿಂಗ್ ಬಲಕ್ಕೆ ಎಳೆದು ಎದುರು ಹಾದಿಗೆ ನುಗ್ಗಿದ. ಅರ್ಧ ಮೈಲಿ ಹೋಗುವಷ್ಟರಲ್ಲಿ ಎದುರಿನಿಂದ ಬಸ್ಸು ಬಂತು. ಅದರ ಹಿಂದೆ ಇನ್ನೂ ಹತ್ತು ಗಾಡಿ. ಈಗ ಎರಡೂ ಕಡೆ ಹೋಗಲು ದಾರಿಯಿಲ್ಲ. ಜನ ಇಳಿದು ಬಂದು ಕೂಗಾಡಿದರು. ಹಿಂದೆ ಸರಿದು ಮತ್ತೆ ಸಾಲಿಗೆ ಸೇರಿಕೊಳ್ಳಲು ಒಂದು ಗಂಟೆಗಿಂತ ಹೆಚ್ಚೇ ಹಿಡಿಯಿತು. ಬಿಸಿಲು ಏರಿತ್ತು.

ಜೇನಿನವನು ಅಷ್ಟು ಹೊತ್ತೂ ಪೆಟ್ಟಿಗೆಗಳ ಬಳಿಯೇ ಇದ್ದ. ಗಾಡಿಯ ಮೇಲೆ ಹತ್ತಿ ಪೆಟ್ಟಿಗೆಗಳ ಮೇಲೆ ನೀರು ಚಿಮುಕಿಸುತ್ತಿದ್ದ. ಒಂದೊಂದಕ್ಕೂ ಕಿವಿಯಿಟ್ಟು ಕೇಳುತ್ತಿದ್ದ. ಒಳಗೆ ಹುಳುಗಳು ರೆಕ್ಕೆ ಬೀಸಿ ಗೂಡನ್ನು ತಂಪು ಮಾಡುತ್ತಿದ್ದವು. ಆ ಸದ್ದು ಏರುತ್ತಾ ಹೋಗಿ ಮೊರೆತವಾಯಿತು. ಆಮೇಲೆ ಕೆಲವು ಪೆಟ್ಟಿಗೆಗಳಲ್ಲಿ ಸದ್ದೇ ನಿಂತಿತು.

ಅವನು ಕೆಳಗಿಳಿದು ಬಂದ. "ತಮ್ಮಾ, ಗಾಡಿಯನ್ನು ಎಡಕ್ಕೆ ಇಳಿಸು. ಅಲ್ಲಿ ಮರದ ನೆರಳಿದೆ."

"ಸಾಲು ಬಿಟ್ಟರೆ ಮತ್ತೆ ಯಾರೂ ಒಳಗೆ ಬಿಡುವುದಿಲ್ಲ ಯಜಮಾನರೇ. ಇನ್ನೇನು ದಾರಿ ಬಿಡುತ್ತಾರೆ. ಹೆಚ್ಚೆಂದರೆ ಅರ್ಧ ಗಂಟೆ."

"ಅರ್ಧ ಗಂಟೆ ನಮಗಿದೆ. ಅವಕ್ಕಿಲ್ಲ."

ಚಾಲಕ ಅವನ ಮುಖ ನೋಡಿದ. ಅಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಜಗಳವಾಡಬಹುದಿತ್ತು. ಗಾಡಿಯನ್ನು ಎಡಕ್ಕೆ ತಿರುಗಿಸಿದ. ಹಿಂದಿನ ಚಕ್ರ ಡಾಂಬರು ಬಿಡುವ ಮೊದಲೇ ಅವನ ಜಾಗಕ್ಕೆ ಇನ್ನೊಬ್ಬ ನುಗ್ಗಿದ.

ಅಲ್ಲಿ ಒಂದು ಹೊಂಗೆಯ ತೋಪಿತ್ತು. ಇಬ್ಬರೂ ಪೆಟ್ಟಿಗೆಗಳನ್ನು ಒಂದೊಂದಾಗಿ ಹೊತ್ತು ನೆರಳಿಗೆ ಇಳಿಸಿದರು. ಬಾಗಿಲು ತೆರೆಯುವ ಮೊದಲು ಜೇನಿನವನು ರಸ್ತೆಗೆ ಹೋದ. ನಿಂತ ಗಾಡಿಗಳ ಮುಂದೆ ಕೈಮುಗಿದುಕೊಂಡು ನಡೆದ. "ಜೇನು ಬಿಡುತ್ತಿದ್ದೇನೆ. ದಯವಿಟ್ಟು ಹಾರ್ನ್ ಮಾಡಬೇಡಿ, ಗಾಜು ಏರಿಸಿಕೊಳ್ಳಿ." ಜೇನು ಎಂದ ಕೂಡಲೇ ಎಲ್ಲರೂ ಎಂಜಿನ್ ಆರಿಸಿದರು. ಬೆಳಗಿನಿಂದ ನಿಲ್ಲದಿದ್ದ ಗದ್ದಲ ನಿಂತಿತು. ಆಗ ತೋಪಿನೊಳಗಿನ ಸದ್ದು ರಸ್ತೆಯವರೆಗೂ ಕೇಳಿಸಿತು. ಎಂಥದೋ ದೊಡ್ಡ ಪ್ರಾಣಿ ಮಲಗಿ ಉಸಿರಾಡುತ್ತಿರುವಂತೆ ಇತ್ತು.

ಜೇನಿನವನು ಬಾಗಿಲುಗಳನ್ನು ತೆರೆದ.

ಇಷ್ಟು ಹೊತ್ತು ಬಂಧನದಲ್ಲಿದ್ದ ಹುಳುಗಳು ಬಾಣದಂತೆ ಹಾರಿಹೋಗುತ್ತವೆ ಎಂದು ಚಾಲಕ ತಿಳಿದಿದ್ದ. ಅವು ಹೋಗಲಿಲ್ಲ. ಹೊರಗೆ ಬಂದ ಪ್ರತಿಯೊಂದು ಹುಳುವೂ ತಿರುಗಿ, ತನ್ನ ಪೆಟ್ಟಿಗೆಗೆ ಮುಖಮಾಡಿ, ಗಾಳಿಯಲ್ಲಿ ನಿಂತಿತು. ಎಡಕ್ಕೆ ತೂಗಿತು, ಬಲಕ್ಕೆ ತೂಗಿತು. ಒಂದು ಸಣ್ಣ ಸುತ್ತು ಹಾಕಿತು. ಅದಕ್ಕಿಂತ ದೊಡ್ಡ ಸುತ್ತು ಹಾಕಿತು. ಸಾವಿರ ಸಾವಿರ ಹುಳುಗಳು ಹೀಗೆ ಮಾಡಿದವು. ಎಲೆಗಳ ಸಂದಿನ ಬಿಸಿಲು ಬಿದ್ದು ಇಡೀ ತೋಪು ಚಿನ್ನದ ಬಣ್ಣಕ್ಕೆ ತಿರುಗಿತು.

ಚಾಲಕನ ಮೈ ನವಿರೆದ್ದಿತು. "ಇವು ಯಾಕೆ ಹೋಗುತ್ತಿಲ್ಲ?" ಎಂದು ಪಿಸುಮಾತಿನಲ್ಲಿ ಕೇಳಿದ.

"ನೋಡಿಕೊಳ್ಳುತ್ತಿವೆ" ಎಂದ ಜೇನಿನವನು. "ಬಂದು ನಿಂತ ಜಾಗ ಹೊಸದು ಎಂದು ಅವಕ್ಕೆ ಗೊತ್ತು. ಮರ ಯಾವುದು, ಬಂಡೆ ಯಾವುದು, ಸೂರ್ಯ ಯಾವ ಕಡೆ, ಎಲ್ಲವನ್ನೂ ನೋಡಿಕೊಳ್ಳದೆ ಹೊರಡುವುದಿಲ್ಲ. ನೋಡದೆ ಹೋದ ಹುಳು ತಿರುಗಿ ಮನೆಗೆ ಬರುವುದಿಲ್ಲ."

ಚಾಲಕನೂ ತಲೆಯೆತ್ತಿದ. ಮರಗಳ ತುಂಬ ಹೂವು. ನೆಲದ ಮೇಲೆ ಉದುರಿದ ಹೂವಿನ ಹಾಸು. ಆಚೆ ಒಂದು ಬೋಳುಬಂಡೆ, ಅದರ ಬುಡದಲ್ಲಿ ಸಣ್ಣ ಕಟ್ಟೆ, ಕಟ್ಟೆಯಲ್ಲಿ ನೀರು. ಹನ್ನೊಂದು ವರ್ಷ ಹಾದುಹೋದ ದಾರಿ. ಇಲ್ಲಿ ಒಂದು ತೋಪಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಗಾಡಿಯ ಮಾಲೀಕನ ಫೋನು ಬಂತು. ಎಲ್ಲಿದ್ದೀಯ ಎಂದು ಕೇಳಿದ. ಇಂಥ ಹೊತ್ತಿನಲ್ಲಿ ಚಾಲಕ ಹೇಳುತ್ತಿದ್ದದ್ದು ಯಾವಾಗಲೂ ಒಂದೇ, ಜಾಮಿನಲ್ಲಿದ್ದೇನೆ ಎಂದು. ಆ ದಿನ "ಹೊಂಗೆಯ ತೋಪಿನಲ್ಲಿದ್ದೇನೆ" ಎಂದ. ಮಾಲೀಕ ಗದರಿದ. ಚಾಲಕ ಫೋನು ಆರಿಸಿ ಜೇಬಿಗಿಟ್ಟ.

ಹನ್ನೊಂದು ಗಂಟೆಗೆ ದಾರಿ ತೆರೆಯಿತು. ಸಾಲು ಒಮ್ಮೆಲೇ ಎದ್ದು ಓಡಿತು. ಸ್ವಲ್ಪ ಹೊತ್ತಿಗೆ ರಸ್ತೆ ಖಾಲಿ.

"ಹೊರಡೋಣವೆ ಯಜಮಾನರೇ?"

"ಹೂವಿಗೆ ಹೋದವು ಬರಬೇಕಲ್ಲ. ಸಂಜೆಯಾಗುತ್ತದೆ."

ಚಾಲಕ ಸಿಟ್ಟಾಗಲು ಬಾಯಿ ತೆರೆದ. ಸಿಟ್ಟು ಬರಲಿಲ್ಲ. ಜೇನಿನವನು ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ಮುರಿದು ಕೊಟ್ಟ. ಇಬ್ಬರೂ ಉಂಡರು. ಕಟ್ಟೆಯ ನೀರಿನಲ್ಲಿ ಮುಖ ತೊಳೆದರು. ಬೆಳಿಗ್ಗೆ ದಾರಿ ಮುಚ್ಚಿದಾಗ ಕೂತಿರಲಾರದೆ ಒದ್ದಾಡಿದವನು ಈಗ ದಾರಿ ತೆರೆದಿದ್ದರೂ ಕೂತಿದ್ದ.

ಹೊತ್ತು ಇಳಿಯುವಾಗ ಹುಳುಗಳು ಮರಳತೊಡಗಿದವು. ನಾಲ್ಕೂ ದಿಕ್ಕಿನಿಂದ, ಕಣ್ಣಿಗೆ ಕಾಣದ ಯಾವುದೋ ನೂಲನ್ನು ಹಿಡಿದು ಬಂದಂತೆ ಬಂದವು. ಅಷ್ಟು ಪೆಟ್ಟಿಗೆಗಳ ನಡುವೆ ತನ್ನದು ಯಾವುದೆಂದು ಹುಳು ಹುಡುಕಾಡಲಿಲ್ಲ, ನೇರವಾಗಿ ಇಳಿದು ಒಳಗೆ ಹೋಯಿತು. ಬೆಳಿಗ್ಗೆ ಕಂಡ ಜಾಗವನ್ನು ಅವು ಸಂಜೆಗೆ ತಮ್ಮ ಊರು ಮಾಡಿಕೊಂಡಿದ್ದವು. ಚಾಲಕ ತನಗೇ ತಿಳಿಯದಂತೆ ಕೈಮುಗಿದಿದ್ದ.

ಆರು ಪೆಟ್ಟಿಗೆಗಳಿಗೆ ಮಾತ್ರ ಯಾವ ಹುಳುವೂ ಬರಲಿಲ್ಲ. ಚಾಲಕ ಒಂದರ ಮುಚ್ಚಳ ತೆಗೆದ. ಒಳಗೆ ಕರಗಿ ಬಿದ್ದ ಮೇಣ, ಜೇನಿನಲ್ಲಿ ನೆನೆದು ಸತ್ತ ಹುಳುಗಳ ರಾಶಿ.

"ಬೆಳಿಗ್ಗೆ ನಾನು ಎದುರು ಹಾದಿಗೆ ನುಗ್ಗದಿದ್ದರೆ ಇವು ಉಳಿಯುತ್ತಿದ್ದವೆ?" ಎಂದು ಕೇಳಿದ.

ಜೇನಿನವನು "ಉಳಿಯುತ್ತಿದ್ದವೇನೋ" ಎಂದ. ಚಾಲಕ ಗಾಡಿಯಿಂದ ಹಾರೆ ತಂದು ಗುಂಡಿ ತೋಡಿದ. ಸತ್ತ ಹುಳುಗಳನ್ನು ತನ್ನ ಕೈಯಾರೆ ಮಣ್ಣು ಮಾಡಿದ. ಆಮೇಲೆ ಉಳಿದ ಪೆಟ್ಟಿಗೆಗಳ ಬಾಗಿಲು ಮುಚ್ಚಿ ಇಬ್ಬರೂ ಹೊರಟರು.

ಅವನು ಇಂದಿಗೂ ಅದೇ ಗಾಡಿ ಓಡಿಸುತ್ತಾನೆ. ದಾರಿ ಕಟ್ಟಿದಾಗ ಇಂದಿಗೂ ಅವನ ಕೈ ತಾನಾಗಿ ಹಾರ್ನಿನ ಕಡೆ ಹೋಗುತ್ತದಂತೆ. ಆಗ ಎಂಜಿನ್ ಆರಿಸುತ್ತಾನೆ, ಗಾಜು ಇಳಿಸುತ್ತಾನೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುತ್ತಾನೆ. ಇಲ್ಲಿದ್ದೇನೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಕೈ ಮೆಲ್ಲಗೆ ಹಿಂದಕ್ಕೆ ಬರುತ್ತದೆ.

ಗುರುಗಳು ಕತೆ ನಿಲ್ಲಿಸಿದರು. ಅಡವೀಶನ ಕಣ್ಣುಗಳು ಅರಳಿದ್ದವು. "ಅಂಥ ಜಾಗವನ್ನು ಒಮ್ಮೆ ನೋಡಬೇಕು ಬುದ್ಧಿ. ಆ ತೋಪು ಎಲ್ಲಿದೆ?" ಎಂದು ಕೇಳಿದ.

ಗುರುಗಳು ಹೇಳಿದರು: "ನೀನು ಪೇಟೆಗೆ ಹೋಗುವಾಗ ಎಡಗಡೆ ಸಿಗುತ್ತದಲ್ಲ, ಅದೇ."