ಔಷಧಶಾಲೆಯ ಎರಡು ಬೀಗಗಳು

"ಗುರುಗಳೇ, ನಿಂತುಹೋಗಿದ್ದ ಯಂತ್ರ ಮತ್ತೆ ನಡೆಯುತ್ತಿದೆ. ಇನ್ನು ಚಿಂತೆಯಿಲ್ಲವಲ್ಲ?" ಎಂದು ಶಿಷ್ಯ ವೃಷಭೇಂದ್ರ ಕೇಳಿದ.

ಗಣಕಯಂತ್ರದ ಕೆಲಸಗಳನ್ನೆಲ್ಲ ಒಳಗಿನಿಂದ ನಡೆಸುವ ಕರ್ನಲ್ ಎಂಬ ತಂತ್ರಾಂಶದ ವಿದ್ಯೆಯನ್ನು ಅವನು ಈ ಗುರುಗಳ ಬಳಿ ಕಲಿಯುತ್ತಿದ್ದ. ಚುರುಕಿನವನು. ಅದು ಅವನಿಗೂ ಗೊತ್ತಿತ್ತು ಎಂಬುದೇ ತೊಂದರೆ.

"ಯಾಕೆ ನಿಂತಿತ್ತು?" ಎಂದರು ಗುರುಗಳು.

"ಎರಡು ಕೆಲಸಗಳು ಒಂದೊಂದು ಬೀಗ ಹಿಡಿದುಕೊಂಡು, ಒಂದರ ಬೀಗಕ್ಕಾಗಿ ಇನ್ನೊಂದು ಕಾಯುತ್ತ ನಿಂತುಬಿಟ್ಟಿದ್ದವು. ಒಂದನ್ನು ಕಿತ್ತುಹಾಕಿದೆ. ಉಳಿದದ್ದೆಲ್ಲ ನಡೆಯತೊಡಗಿತು. ಬೆಳಗಿನಿಂದ ನೋಡುತ್ತಿದ್ದೇನೆ, ಏನೂ ತೊಂದರೆಯಿಲ್ಲ."

"ಹಾಗೋ. ಕುಳಿತುಕೋ" ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಅವನಿಗೆ ಒಬ್ಬಳೇ ಮಗಳು. ಆ ಊರಿನ ಔಷಧಶಾಲೆಯಲ್ಲಿ ಇಬ್ಬರು ಪಂಡಿತರಿದ್ದರು. ಇಬ್ಬರಿಗೂ ಸೇರಿ ಮೂಲಿಕೆಯ ಕೋಣೆ ಒಂದು, ಒಲೆಯ ಕೋಣೆ ಒಂದು. ಒಂದೊಂದು ಕೋಣೆಗೆ ಒಂದೇ ಬೀಗದ ಕೈ. ಕಷಾಯ ಕಾಯಿಸಲು ಎರಡೂ ಕೋಣೆ ಬೇಕು. ಒಮ್ಮೆ ತೆಗೆದುಕೊಂಡ ಬೀಗದ ಕೈಯನ್ನು ಕಷಾಯ ಮುಗಿಯುವ ತನಕ ಯಾರಿಗೂ ಕೊಡಬಾರದೆಂದು ಅಲ್ಲಿ ಕಟ್ಟಳೆ. ಅರ್ಧ ಆದ ಕಷಾಯಕ್ಕೆ ಇನ್ನೊಬ್ಬರ ಕೈ ಬಿದ್ದರೆ ಅದು ವಿಷವಾಗುತ್ತದೆ. ಕಟ್ಟಳೆಯಲ್ಲಿ ತಪ್ಪೇನೂ ಇರಲಿಲ್ಲ.

ಹಿರಿಯ ಪಂಡಿತ ಬೆಳಿಗ್ಗೆ ಬರುತ್ತಿದ್ದ, ಕಿರಿಯವನು ಮಧ್ಯಾಹ್ನದ ಮೇಲೆ. ಬಹಳ ಕಾಲ ಎಲ್ಲ ಸರಾಗವಾಗಿ ನಡೆಯಿತು.

ಒಮ್ಮೆ ಊರಿಗೆ ಜ್ವರ ಬಂತು. ಪಂಡಿತರಿಬ್ಬರೂ ಇಡೀ ದಿನ ಔಷಧಶಾಲೆಯಲ್ಲೇ ಇರಬೇಕಾಯಿತು. ವರ್ತಕನ ಮಗಳೂ ಮಲಗಿದಳು. ಔಷಧಕ್ಕೆ ಆಳನ್ನು ಕಳಿಸಿದರೆ ಆಳು ಬರಲಿಲ್ಲ. ಅವನನ್ನು ಕರೆತರಲು ಅಡುಗೆಯವನನ್ನು ಕಳಿಸಿದರೆ ಅವನೂ ಬರಲಿಲ್ಲ. ವರ್ತಕ ತಾನೇ ಹೊರಟ.

ಔಷಧಶಾಲೆಯ ಮುಂದೆ ಜನ ಸಾಲಾಗಿ ನಿಂತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಯಾರೂ ಕೆಮ್ಮುತ್ತಲೂ ಇರಲಿಲ್ಲ. ಮುಂದಿದ್ದವರ ಹೆಗಲ ಮೇಲೆ ದೂಳು ಕೂತಿತ್ತು. ವರ್ತಕ ತನ್ನ ಆಳಿನ ತೋಳು ಹಿಡಿದು ಅಲುಗಿಸಿದ.

"ಇನ್ನೇನು ಕೊಡ್ತಾರೆ ಯಜಮಾನ್ರೆ" ಎಂದ ಆಳು, ತಿರುಗಿ ನೋಡದೆ.

ಒಳಗೆ ಪಂಡಿತರಿಬ್ಬರೂ ಎದುರುಬದುರು ಕುಳಿತಿದ್ದರು. ಇಬ್ಬರ ಮುಖದಲ್ಲೂ ಸಿಟ್ಟಿಲ್ಲ. ಒಬ್ಬೊಬ್ಬರ ಮುಷ್ಟಿಯಲ್ಲೂ ಒಂದು ಬೀಗದ ಕೈ. ಜೇಡವೊಂದು ಹಿರಿಯನ ಮೊಣಕೈಯಿಂದ ಕಿರಿಯನ ಮೊಣಕಾಲಿಗೆ ಬಲೆ ಕಟ್ಟಿ ಮುಗಿಸಿತ್ತು. ಒಲೆ ಆರಿ ಬರೀ ಬೂದಿ ಉಳಿದಿತ್ತು.

"ಏನು ಮಾಡ್ತಿದೀರಿ ಸ್ವಾಮಿ? ನನ್ನ ಮಗಳು ಸಾಯ್ತಿದಾಳೆ!"

"ನಾನು ಮೊದಲು ಮೂಲಿಕೆ ತೆಗೆಯೋನು, ಆಮೇಲೆ ಒಲೆ. ಕಲಿತದ್ದೇ ಹಾಗೆ. ಇವರು ಒಲೆ ಕೋಣೆ ಬಿಟ್ಟುಕೊಟ್ಟ ಕೂಡಲೇ ನಿಮ್ಮದೇ ಮಾಡಿಕೊಡ್ತೀನಿ" ಎಂದ ಹಿರಿಯ.

"ನಾನು ಮೊದಲು ಒಲೆ ಹಚ್ಚಿ ಆಮೇಲೆ ಮೂಲಿಕೆ ತೆಗೆಯೋನು. ಹಿರಿಯರು ಆ ಕೋಣೆ ಬಿಟ್ಟುಕೊಟ್ಟ ಕೂಡಲೇ" ಎಂದ ಕಿರಿಯ.

ವರ್ತಕನೂ ನಿನ್ನ ಹಾಗೆ ಚುರುಕು. ಕಿರಿಯನ ಮುಷ್ಟಿ ಬಿಡಿಸಿ, ಬೀಗದ ಕೈ ಕಿತ್ತು ಹಿರಿಯನಿಗೆ ಕೊಟ್ಟ. ಕಷಾಯ ಕುದಿಯಿತು. ಸಾಲು ಸರಿಯಿತು. ನಿಂತವರು ಹೆಗಲು ಕೊಡವಿಕೊಂಡು, ಏನೂ ಆಗದವರಂತೆ ಹರಟುತ್ತ ಮನೆಗೆ ಹೋದರು. ಮಗಳು ಮೂರು ಗುಟುಕು ಕುಡಿದು, ಸಂಜೆಗೆ ಎದ್ದು ಕುಳಿತಳು. ವರ್ತಕ ಬೀದಿಗೆಲ್ಲ ಸಕ್ಕರೆ ಹಂಚಿದ.

ಇಬ್ಬರು ಹೇಳಿದ್ದೂ ಅವನ ಕಿವಿಗೆ ಬಿದ್ದಿತ್ತು. ಒಂದು ಮಾತಿನ ಪಕ್ಕ ಇನ್ನೊಂದನ್ನಿಟ್ಟು ನೋಡಲಿಲ್ಲ, ಅಷ್ಟೇ. ಇಬ್ಬರೂ ಮೊದಲು ಒಂದೇ ಬಾಗಿಲಿಗೆ ಹೋಗಿ, ಅದರ ಬೀಗದ ಕೈ ಸಿಗದವರು ಬರಿಗೈಯಲ್ಲಿ ಕಾಯಿರಿ ಎಂದು ಹೇಳಿದ್ದರೆ ಸಾಕಿತ್ತು. ಅಷ್ಟು ಹೇಳಲು ದುಡ್ಡು ಬೇಕೇ, ಬಲ ಬೇಕೇ? ಹೇಳಲಿಲ್ಲ. ಜ್ವರ ಇಳಿಯಿತು. ಹಿರಿಯ ಬೆಳಿಗ್ಗೆ ಬರತೊಡಗಿದ, ಕಿರಿಯ ಮಧ್ಯಾಹ್ನದ ಮೇಲೆ. ಔಷಧಶಾಲೆ ಚೆನ್ನಾಗಿ ನಡೆಯುತ್ತಿದೆ ಎಂದು ಊರು ಹೊಗಳಿತು.

ವರ್ತಕ ನಿಶ್ಚಿಂತೆಯಿಂದ ವ್ಯಾಪಾರಕ್ಕೆ ಪರ ಊರಿಗೆ ಹೋದ. ಅವನು ಹಿಂತಿರುಗುವಾಗ ಊರಿನಲ್ಲಿ ಮತ್ತೆ ಜ್ವರವಿತ್ತು. ಬೀದಿಯಲ್ಲಿ ಸದ್ದಿರಲಿಲ್ಲ. ಅವನ ಮನೆಯ ಬಾಗಿಲು ತೆರೆದಿತ್ತು. ಹೆಂಡತಿ ಹೊಸಿಲ ಮೇಲೆ ನಿಂತು ದಾರಿ ನೋಡುತ್ತಿದ್ದಳು. ಗಂಡ ಎದುರು ಬಂದು ನಿಂತರೂ ಅವಳ ಕಣ್ಣು ಅವನ ಹಿಂದಿನ ದಾರಿಯ ಮೇಲೇ ಇತ್ತು.

"ಔಷಧಕ್ಕೆ ಆಳು ಹೋಗಿದಾನೆ ರೀ. ಇನ್ನೇನು ಬರ್ತಾನೆ" ಎಂದಳು.

ವರ್ತಕ ಒಳಗೆ ಹೋದ. ಆ ಊರಿನಲ್ಲಿ ಎಲ್ಲರೂ ಕಾಯುತ್ತಿದ್ದರು. ಹಾಸಿಗೆಯ ಮೇಲಿದ್ದ ಮಗಳು ಮಾತ್ರ ಯಾವುದಕ್ಕೂ ಕಾಯುತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಆದರೆ ಗುರುಗಳೇ, ಅವನು ಊರಲ್ಲೇ ಇರಲಿಲ್ಲ. ಜ್ವರ ಮತ್ತೆ ಬಂದದ್ದು ಅವನಿಗೆ ಹೇಗೆ ಗೊತ್ತಾಗಬೇಕಿತ್ತು?"

"ಜ್ವರ ಬಂದದ್ದಕ್ಕಲ್ಲ ಮಗು, ಮಗಳು ಎದ್ದು ಕುಳಿತ ಸಂಜೆಯೇ ಅವನು ಹೆದರಬೇಕಿತ್ತು."

ಶಿಷ್ಯ ಎದ್ದು ಯಂತ್ರದ ಬಳಿಗೆ ಹೋಗಿ, ಆ ಎರಡು ಕೆಲಸಗಳು ಯಾವ ಬೀಗವನ್ನು ಮೊದಲು ಹಿಡಿಯುತ್ತವೆ ಎಂದು ಪಕ್ಕಪಕ್ಕದಲ್ಲಿ ಬರೆದುಕೊಳ್ಳತೊಡಗಿದ.