ಸತ್ತವರು ಮೆಚ್ಚಿದ ಸೀರೆ

ಗುಳೇದಗುಡ್ಡದ ಸೀರೆ ವ್ಯಾಪಾರಿ ಬಸಲಿಂಗಪ್ಪ ಆನ್‌ಲೈನ್ ಅಂಗಡಿ ತೆರೆದಿದ್ದ. ಕೊಂಡವರೆಲ್ಲ ಸೀರೆ ಬಣ್ಣ ಬಿಡುತ್ತದೆ ಎಂದು ಬೈದು ಬರೆಯುತ್ತಿದ್ದರು. ಒಂದು ಮುಂಜಾನೆ ಅವನು ಆರ್ಡರ್ ನೋಡಿಕೊಳ್ಳುವ ಕಸ್ತೂರಿಯನ್ನು ಕರೆದ.

"ಸಂಜಿಯೊಳಗ ಇಪ್ಪತ್ತು ಮಂದಿ ಹೆಸರಿನ್ಯಾಗ ಹೊಗಳಿ ಬರಿ. ಇಲ್ಲಾಂದ್ರ ನಾಳಿಂದ ಬರಬ್ಯಾಡ."

"ಯಾರ ಹೆಸರು ಹಾಕ್ಲಿರಿ, ಸಾಹುಕಾರ್ರ?"

"ತಿರುಗಿ ಕೇಳಾಕ ಬರದವರ ಹೆಸರು ಹಾಕು!"

ಕೆಲಸ ಹೋದರೆ ಕಸ್ತೂರಿಯ ಮನೆ ನಡೆಯುವುದಿಲ್ಲ. ಸುಳ್ಳು ಬರೆಯಲು ಬೆರಳು ಏಳುವುದಿಲ್ಲ. ಮಧ್ಯಾಹ್ನದವರೆಗೆ ಸುಮ್ಮನೆ ಕೂತಿದ್ದವಳು ಆಮೇಲೆ ಒಂದೇ ಸಮನೆ ಬರೆದಳು.

ಸಂಜೆ ಸಾಹುಕಾರ ಮೀಸೆ ತಿರುವುತ್ತ ಮೊಬೈಲ್ ತೆರೆದು ಜೋರಾಗಿ ಓದಿದ.

"'ನನಗೆ ಈ ಸೀರೆ ಉಡಿಸಿ ಹನ್ನೊಂದು ವರ್ಷವಾಯಿತು. ಮಣ್ಣೊಳಗಿದ್ದರೂ ಬಣ್ಣ ಮಾಸಿಲ್ಲ. ಇಂತಿ, ಫಕೀರವ್ವ.'"

ಅವನ ದನಿ ಇಳಿಯಿತು. ಫಕೀರವ್ವ ಪಕ್ಕದ ಓಣಿಯವಳು. ಅವಳು ಸತ್ತಾಗ ಮಣ್ಣಿಗೆ ಅವನೇ ಹೋಗಿದ್ದ. ಮುಂದಿನ ಹೆಸರೂ ಸತ್ತವಳದೇ. ಅದರ ಮುಂದಿನದೂ ಅಷ್ಟೇ. ಕೊನೆಯದು ಅವನ ತೀರಿಹೋದ ತಾಯಿಯ ಹೆಸರಿನಲ್ಲಿತ್ತು.

"'ಇಲ್ಲಿ ಎಲ್ಲಾರೂ ನಿನ್ನ ಸೀರೀನ ಉಟ್ಟು ಕುಂತೇವಿ, ಮಗಾ. ನಿನ್ನ ದಾರಿ ಕಾಯಾಕ ಹತ್ತೇವಿ.'"

ಮೊಬೈಲ್ ಕೈಜಾರಿ ಬಿತ್ತು. "ಏನಿದು, ಕಸ್ತೂರಿ?"

"ಕೇಳಾಕ ಬರದವರು ಅಂದ್ರ ಇವರಲ್ಲೇನ್ರಿ?" ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಖರೇನ ಬರೂದಿಲ್ಲಂತ ಮಾತ್ರ ನಾ ಹೇಳಾಕಾಗೂದಿಲ್ಲ."

"ಅಳಸು! ಈಗಿಂದೀಗ ಎಲ್ಲಾ ಅಳಸು! ಬಣ್ಣ ಬಿಡತೈತಿ, ಬ್ಯಾರೆ ಒಗೀರಿ ಅಂತ ಬರದು ಹಾಕು!"

ಅವಳು ಹಾಗೇ ಮಾಡಿ ಚೀಲ ತೆಗೆದುಕೊಂಡು ಹೊರಟಳು.

"ನಿಲ್ಲವ್ವಾ, ನಾನೂ ಬರ್ತೀನಿ," ಅಂದ ಸಾಹುಕಾರ.

ಕತ್ತಲಾದ ಓಣಿಯುದ್ದಕ್ಕೂ ಕಸ್ತೂರಿ ಮುಂದೆ, ಅವನು ಹಿಂದೆ.