ಮಾತಾಡದೆ ತಂದ ಬೇರು

ಬಿಸಿಲು ನೆಲ ಮುಟ್ಟದಂಥ ಕಾಡಿನೊಳಗೆ ಒಂದು ಹಾಡಿ. ಹತ್ತೇ ಗುಡಿಸಲು. ಅಲ್ಲಿ ಮದ್ದು ಕೊಡುವವಳು ಕೇತಜ್ಜಿ. ಅವಳಿಗೆ ಒಬ್ಬನೇ ಶಿಷ್ಯ, ಜಡೆಯ. ಕಲಿತದ್ದು ಮೂರು ವರ್ಷ; ಗೊತ್ತಿದೆ ಅಂದುಕೊಂಡಿದ್ದು ಮೂವತ್ತು ವರ್ಷದಷ್ಟು.

ಒಂದು ಬೆಳಗ್ಗೆ ಜಡೆಯನ ಮಗಳು ರಂಗಿಗೆ ಭೇದಿ ಹತ್ತಿಕೊಂಡಿತು. ನಾಲ್ಕು ವರ್ಷದ ಕೂಸು. ಹೊತ್ತೇರುವಷ್ಟರಲ್ಲಿ ಕಣ್ಣು ಗುಳಿ ಬಿದ್ದವು.

"ನೀರು," ಅಂದಳು ರಂಗಿ.

ಹೆಂಡತಿ ನಂಜಿ ಲೋಟ ಎತ್ತಿದಳು. ಜಡೆಯ ಕಿತ್ತುಕೊಂಡ.

ಅಷ್ಟರಲ್ಲಿ ಅಜ್ಜಿ ಬಂದಳು. "ನೀರು ಕೊಡೋ ಜಡೆಯ."

"ಎಲ್ಲಾದ್ರೂ ಉಂಟಾ ಅಜ್ಜಿ? ತೂತು ಮಡಕೆಗೆ ಯಾರಾದ್ರೂ ನೀರು ಹುಯ್ತಾರಾ? ಕುಡಿಸಿದಷ್ಟೂ ಹೋಗ್ತದೆ. ನಮ್ಮಪ್ಪ ಒಂದು ತೊಟ್ಟೂ ಕೊಡ್ತಿರಲಿಲ್ಲ."

ಅಜ್ಜಿ ವಾದಕ್ಕೆ ಇಳಿಯಲಿಲ್ಲ.

"ಹಂಗಾದ್ರೆ ಆನೆಬಂಡೆ ಆಚೆಯಿಂದ ಮಾಗಳಿ ಬೇರು ತಾ. ಅಗೆದ ಮೇಲೆ ಮನೆ ಸೇರೋವರೆಗೂ ತುಟಿ ಪಿಟಕ್ ಅನ್ನಬಾರದು. ಅಂದೆಯೋ, ಅದನ್ನ ಬಿಸಾಕಿ ಹೊಸದು ಅಗೆಯಬೇಕು."

ಹಾಡಿಯಲ್ಲಿ ಎಲ್ಲರೂ ಪಾಲಿಸುತ್ತಿದ್ದ ಕಟ್ಟಳೆಯೇ ಅದು. ಜಡೆಯ ಎದ್ದುಬಿದ್ದು ಓಡಿದ.

ಬೇರು ಸಿಕ್ಕಿತು. ಆದರೆ ಬಂಡೆ ಇಳಿಯುವಾಗ ಮಂಗವೊಂದು ಅವನ ಟವೆಲ್ಲು ಹಿಡಿದು ಜಗ್ಗಿತು.

"ಥೂ, ನಿನ್ ಮನೆ ಹಾಳಾಗ!"

ಜಡೆಯ ಗಕ್ಕನೆ ನಿಂತ. ಮಂಗನಿಗೆ ಬೈದದ್ದೂ ಮಾತೇನಾ? ಅಲ್ಲ ಅನ್ನಿಸಿತು. ರಂಗಿಯ ಗುಳಿಬಿದ್ದ ಕಣ್ಣು ನೆನಪಾಯಿತು. ಹೌದು ಅನ್ನಿಸಿತು. ಬೇರು ಬಿಸಾಕಿ ಮತ್ತೆ ಬಂಡೆ ಹತ್ತಿದ.

ಎರಡನೇ ಸಲ ರಕ್ತ ಹೀರುವ ಇಂಬಳ ಕಚ್ಚಿಕೊಂಡಿತು. ಅದೂ ಹೇಳಬಾರದ ಜಾಗಕ್ಕೆ.

"ಅಯ್ಯಯ್ಯಪ್ಪೋ!"

ಮೂರನೇ ಸಲ ಟವೆಲ್ಲನ್ನೇ ಬಾಯಿಗೆ ತುರುಕಿಕೊಂಡು, ಕಣ್ಣೀರು ಸುರಿಸುತ್ತ ಬಂದ.

ಹೊತ್ತು ಇಳಿದಿತ್ತು. ಜಗಲಿಯ ಮೇಲೆ ರಂಗಿ ಕೂತಿದ್ದಳು. ಅಪ್ಪನ ಬಾಯಿ ನೋಡಿ ಕಿಸಕ್ಕನೆ ನಕ್ಕಳು. ಪಕ್ಕದಲ್ಲಿ ಉಪ್ಪು ಬೆರೆಸಿದ ಗಂಜಿತಿಳಿಯ ಪಾತ್ರೆ, ತಳ ಕಾಣುವಷ್ಟು ಖಾಲಿ.

ಜಡೆಯ ಓಡಿ ಬಂದು ಪಕ್ಕದಲ್ಲಿ ಕೂತ. ಮಗಳನ್ನು ಎದೆಗೆ ಒತ್ತಿಕೊಂಡ. ಆಮೇಲೆ ನೆನಪಾಗಿ ಬಾಯಿಂದ ಟವೆಲ್ಲು ತೆಗೆದ.

"ಕುಡಿಯಾಕೆ ಕೊಟ್ಟೆಯಾ?"

"ನೀನು ಅತ್ಲಾಗೆ ಹೋದ ಗಳಿಗೆಯಿಂದ," ಅಂದಳು ನಂಜಿ, "ಗುಟುಕು ಗುಟುಕಾಗಿ."

ಜಡೆಯ ಕೈಯಲ್ಲಿದ್ದ ಬೇರನ್ನೂ ಅಜ್ಜಿಯ ಮುಖವನ್ನೂ ನೋಡಿದ.

"ಮತ್ತೆ ಇದು ಯಾರಿಗಜ್ಜಿ?"

ಕೇತಜ್ಜಿ ಮದ್ದು ತೇಯುವ ಕಲ್ಲನ್ನು ಅವನ ಮುಂದಕ್ಕೆ ತಳ್ಳಿದಳು.

"ನಿನಗೇ ಕಣೋ. ತೇಯ್ದು ಕುಡಿ. ಕುಡಿಯೋವಾಗಲೂ ಮಾತಾಡಬೇಡ."